ಲೋಕಮ್ಮನ ಜೋಡಿ ಪ್ಲೇಟು

“ಅಮ್ಮಾ, ಲೋಕಮ್ಮಜ್ಜಿಗೆ ಹಾಡು ನಿಲ್ಸೋಕೆ ಬರಲ್ವಾ?”

ಮಾನ್ಯಾ ಇದನ್ನು ಕೇಳಿದ್ದು ಬಾಯಿತುಂಬ ದೋಸೆ ಇಟ್ಟುಕೊಂಡು. ಎದುರುಗಡೆಯ ಅಂಗಡಿಯಲ್ಲಿ ಯಾವ ದೇಶದವನೋ ಏನೋ, ಬೆಳಗ್ಗೆಯಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದ. ಅವನ ಹಿಂದೆ ಸಾಮಿಲ್ಲಿನಲ್ಲಿ ಮರ ಕುಯ್ದ ಹಾಗೆ ಗಿಟಾರು. ಅಂಗಡಿಯ ಮೇಲಿನ ಮನೆಯಿಂದ ಯತೀಶ, “ಅವ್ವಾ, ಸಾಕು ನಿಲ್ಸು! ಫೋನಲ್ಲಿ ಮಾತಾಡ್ತಿದೀನಿ!” ಎಂದು ಕೂಗಿದ್ದೂ ಕೇಳಿತು. ಅದಕ್ಕೆ ಉತ್ತರವಾಗಿ ಕೆಳಗಿನ ಸದ್ದು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

“ಬರತ್ತೆ ಕಣೆ. ನಿಲ್ಸಲ್ಲ ಅಷ್ಟೆ,” ಎಂದಳು ರಕ್ಷಿತಾ.

“ಯಾಕೆ?”

“ಮೊದ್ಲು ದೋಸೆ ನುಂಗು. ಆಟೋದವನು ಬಂದ್ಬಿಡ್ತಾನೆ.”

ಮಗುವನ್ನು ಶಾಲೆಗೆ ಅಟ್ಟಿ, ಹೆಂಚು ತೊಳೆಯುವಾಗಲೂ ಆ ‘ಯಾಕೆ’ ರಕ್ಷಿತಾಳ ತಲೆಯಲ್ಲೇ ಇತ್ತು. ಕುಪ್ಪಗಡ್ಡೆಯಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಲಾಗಾಯ್ತು ಅವಳು ಲೋಕಮ್ಮನ ಎದುರುಮನೆಯವಳು. ಬಾಣಂತನದಲ್ಲಿ ಮಗು ರಚ್ಚೆ ಹಿಡಿದರೆ ಎತ್ತಿಕೊಂಡು ಹೋಗಿ ಆ ಅಂಗಡಿಯಲ್ಲೇ ಕೂರುತ್ತಿದ್ದಳು. ಎಷ್ಟೇ ದೊಡ್ಡ ಸದ್ದಾದರೂ ಮಗು ಅಲ್ಲಿ ಮಲಗುತ್ತಿತ್ತು. ಆದರೂ ಯಾಕೆ ಎಂದು ಅವಳೂ ಯಾವತ್ತೂ ಕೇಳಿರಲಿಲ್ಲ.

ಅಂಗಡಿಗೆ ಎರಡು ಹೆಸರು. ಬೋರ್ಡಿನ ಮೇಲರ್ಧದಲ್ಲಿ ಬಣ್ಣ ಮಾಸಿದ ‘ವೀರಬಸಪ್ಪ ಸೌಂಡ್ ಸರ್ವೀಸ್’, ಕೆಳಗಡೆ ಮಿಂಚುವ ಅಕ್ಷರದಲ್ಲಿ ‘ಯತೀಶ ಡಿಜೆ’. ಒಳಗೂ ಹಾಗೆಯೇ. ಎಡಗಡೆ ಆಳೆತ್ತರದ ಕಪ್ಪು ಬಾಕ್ಸುಗಳು, ಲೈಟುಗಳು, ಹೊಗೆ ಬಿಡುವ ಯಂತ್ರ. ಬಲಗಡೆ ಮೊಳೆಗೆ ನೇತುಬಿದ್ದ ನಾಲ್ಕು ಹಾರ್ನುಗಳು, ಒಂದು ಹಳೆಯ ಆಂಪ್ಲಿಫೈಯರ್, ತಟ್ಟೆ ತಿರುಗುವ ರೆಕಾರ್ಡ್ ಪ್ಲೇಯರ್, ಮತ್ತು ಅವುಗಳ ಮುಂದೆ ಸ್ಟೂಲಿನ ಮೇಲೆ ಲೋಕಮ್ಮ. ತೆಳ್ಳನೆಯ ಹೆಂಗಸು. ಹಣೆತುಂಬ ವಿಭೂತಿ. ಸೆರಗಿನ ತುದಿಯಿಂದ ಸದಾ ಏನನ್ನಾದರೂ ಒರೆಸುತ್ತಿರುವ ಕೈ. ಆ ಕೈ ಈಚೆಗೆ ಸ್ವಲ್ಪ ನಡುಗುತ್ತಿತ್ತು. ಹಾಡಿನ ಪ್ಲೇಟಿನ ಮೇಲೆ ಮುಳ್ಳು ಇಳಿಸುವಾಗ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಯಾರಾದರೂ ನೆರವಿಗೆ ಬಂದರೆ, “ದೂರ ಇರ್ರಿ, ಮುಳ್ಳು ಮುರಿದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?” ಎನ್ನುವಳು.

ಬೇರೆ ಎಲ್ಲ ಪ್ಲೇಟುಗಳೂ ಒಂದು ಟ್ರಂಕಿನಲ್ಲಿದ್ದರೆ, ಎರಡು ಮಾತ್ರ ಅವಳ ತೀರಿಹೋದ ಗಂಡ ವೀರಬಸಪ್ಪನ ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬೀರುವಿನಲ್ಲಿರುತ್ತಿದ್ದವು. ಅದೇ ಜೋಡಿ ಪ್ಲೇಟು. ಎಷ್ಟೋ ವರ್ಷದ ಹಿಂದೆ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಮೇಷ್ಟರೊಬ್ಬರು ವರ್ಗವಾಗಿ ಹೋಗುವಾಗ, “ಲಾರೀಲಿ ಹೇರಿದ್ರೆ ಒಡೆದು ಹೋಗ್ತವೆ, ನೀನಾದ್ರೂ ಕೇಳು,” ಎಂದು ವೀರಬಸಪ್ಪನ ಕೈಗೆ ಕೊಟ್ಟದ್ದು. ಒಂದೇ ಸಂಗೀತದ ತಂಡ, ಒಂದೇ ಆಲ್ಬಂ, ಆದರೆ ಒಂದು ಪ್ಲೇಟಿನಲ್ಲಿ ಹಿಡಿಸದೆ ಎರಡಕ್ಕೆ ಹರಡಿಕೊಂಡದ್ದು. ಹೊರಗಿನ ರಟ್ಟನ್ನು ಗೆದ್ದಲು ತಿಂದು, ತಂಡದ ಹೆಸರು ಎಂದೋ ಮಣ್ಣಾಗಿತ್ತು. ಲೇಬಲ್ಲೂ ಕಾಣುವಂತಿರಲಿಲ್ಲ. ಮದುವೆ ಮನೆಯಲ್ಲಿ ಬೇರೆಯವರ ಪ್ಲೇಟಿನೊಂದಿಗೆ ಕಲೆಸಿಹೋಗಬಾರದೆಂದು ಮೈಕ್ ಸೆಟ್ಟಿನವರು ಪ್ರತಿ ಪ್ಲೇಟಿನ ನಡುವೆಯೂ ತಮ್ಮ ಅಂಗಡಿಯ ಹೆಸರು, ನಂಬರು ಬರೆದ ಚೀಟಿ ಅಂಟಿಸುವುದು ರೂಢಿ. ವೀರಬಸಪ್ಪನೂ ಮೈದಾಹಿಟ್ಟಿನ ಅಂಟು ಕಲಸಿ, ಒಂದು ಪ್ಲೇಟಿನ ಹಿಂದುಮುಂದಕ್ಕೆ ೧, ೨ ಎಂದೂ ಇನ್ನೊಂದಕ್ಕೆ ೩, ೪ ಎಂದೂ ಅಂಟಿಸಿದ್ದ. ಆ ಅಂಕಿಗಳೇ ಲೋಕಮ್ಮನ ಪಾಲಿಗೆ ಆ ಹಾಡುಗಳ ಹೆಸರು.

ಒಂದೊಂದು ಮಗ್ಗುಲೂ ಒಂದೊಂದು ಬಗೆ. ಒಂದನೆಯದರಲ್ಲಿ ಡೊಳ್ಳಿನ ಗತ್ತಿನ ಡ್ರಮ್ಮು, ಮೈಮೇಲೆ ಬಂದಂಥ ಗಿಟಾರು. ಎರಡನೆಯದು ಅದರ ತದ್ವಿರುದ್ಧ: ಯಾರೋ ಮುದುಕ ಒಂದೇ ತಂತಿ ಮೀಟುತ್ತ ತನ್ನಷ್ಟಕ್ಕೆ ಗುನುಗಿದಂತೆ, ಕೊನೆಗೆ ಒಂದು ಮೌತ್ ಆರ್ಗನ್ನು ತೊಟ್ಟಿಲು ತೂಗಿ ತೂಗಿ ಸುಮ್ಮನಾಗುತ್ತದೆ. ಮೂರನೆಯದು ಜಾತ್ರೆ. ಕಹಳೆ, ಗೆಜ್ಜೆ, ಕುದುರೆಯ ಟಕಟಕ, ಹೆಂಗಸೊಬ್ಬಳ ನಗು. ನಾಲ್ಕನೆಯದೇ ಮಾನ್ಯಾ ದೋಸೆ ತಿನ್ನುವಾಗ ಕೇಳಿದ್ದು. ಅದರಲ್ಲಿ ಬರೀ ಕಿರುಚಾಟ.

ಆ ಬೆಳಗ್ಗೆ ಪಾತ್ರೆ ತೊಳೆದು ಮುಗಿಸಿದ ರಕ್ಷಿತಾ ಲೋಕಮ್ಮನ ಉಪ್ಪಿನಕಾಯಿ ಜಾಡಿ ವಾಪಸು ಕೊಡಲು ಹೋದಾಗ ಅಂಗಡಿಯಲ್ಲಿ ತಾಯಿಮಗನ ಜಗಳ ಕಾವೇರಿತ್ತು.

“ಶಿವಮೊಗ್ಗದ ಹೋಟ್ಲಿನೋರು ಕೇಳ್ತಿದಾರೆ ಅವ್ವಾ. ಹಾರ್ನು, ಪ್ಲೇಯರ್ರು, ಪ್ಲೇಟು ಎಲ್ಲ ಒಟ್ಟಿಗೆ. ಗೋಡೆಗೆ ತೂಗುಹಾಕ್ತಾರಂತೆ, ಅಲಂಕಾರಕ್ಕೆ. ನನಗೆ ಬಾಕ್ಸ್ ಇಡೋಕೆ ಜಾಗ ಇಲ್ಲ, ನೀನು ಇಲ್ಲಿ ಮ್ಯೂಸಿಯಂ ಇಟ್ಕೊಂಡು ಕೂತಿದೀಯ.”

“ಗೋಡೆಗೆ ತೂಗುಹಾಕೋದು ಸತ್ತೋರ ಫೋಟೋನ,” ಎಂದಳು ಲೋಕಮ್ಮ. “ಈ ಮಿಷಿನ್ನು ಇನ್ನೂ ಉಸಿರಾಡ್ತೈತೆ.”

“ಯಾರು ಕೇಳ್ತಾರೆ ಅದನ್ನ? ಒಂದ್ ಮದುವೆಗಾದ್ರೂ ಕರೀತಾರಾ?”

“ಕರೆದಾರಲ್ಲ, ಕುಬಟೂರು ಧರ್ಮಪ್ಪ! ಇವಳ ಮಾವ. ಕೇಳು ಬೇಕಾದ್ರೆ.”

ಅದು ನಿಜ. ಧರ್ಮಪ್ಪ ರಕ್ಷಿತಾಳ ಸೋದರಮಾವ. ಅವನ ಮಗಳ ಮದುವೆ ಹದಿನೈದು ದಿನಕ್ಕಿತ್ತು. ಸಂಜೆ ಗಂಡಿನ ಊರಿನಲ್ಲಿ ಯತೀಶನ ಡಿಜೆ, ಹಗಲು ಕುಬಟೂರಿನ ಮನೆಯಂಗಳದಲ್ಲಿ ಲೋಕಮ್ಮನ ಮೈಕು ಎಂದು ಒಪ್ಪಂದ ಮಾಡಿಸಿದವಳು ರಕ್ಷಿತಾಳೇ. ತನ್ನ ಮದುವೆಗೂ ಇದೇ ಹಾರ್ನು ಕೂಗಿತ್ತೆಂಬ ಅಭಿಮಾನಕ್ಕೆ ಧರ್ಮಪ್ಪ ಹೂಂ ಎಂದಿದ್ದ.

“ಕರೆದಿದ್ದು ಸಿನಿಮಾ ಹಾಡು ಹಾಕೋಕೆ. ಈ ಕಿರುಚಾಟ ಹಾಕು, ಅರ್ಧ ಹಾಡಿಗೆ ನಿಲ್ಸು ಅಂತಾರೆ,” ಎಂದ ಯತೀಶ.

ಲೋಕಮ್ಮ ಸ್ಟೂಲಿನಿಂದ ಎದ್ದಳು. “ಹಂಗಾದ್ರೆ ಕೇಳು. ಆ ಮದುವೇಲಿ ನಾಲ್ಕೂ ಮಗ್ಗುಲು ಪೂರ್ತಿ ಹಾಕ್ತೀನಿ. ಮನೆ ಯಜಮಾನ ಧರ್ಮಪ್ಪ ತನ್ನ ಬಾಯಿಂದ ನಿಲ್ಸು ಅಂದ್ರೆ, ನಾನೇ ಕೈಯಾರೆ ಗಂಟು ಕಟ್ಟಿ ನಿನ್ನ ಹೋಟ್ಲಿನೋರಿಗೆ ಕೊಡ್ತೀನಿ. ಅನ್ನಲಿಲ್ಲವೋ, ನಾನಿರೋತನಕ ಈ ಬಲಗಡೆಗೆ ನೀನು ಕೈ ಹಚ್ಚೋ ಹಂಗಿಲ್ಲ. ಏನಂತಿ?”

“ಆಯ್ತು.” ಯತೀಶ ನಕ್ಕ. ಗೆದ್ದೆನೆಂಬ ನಗು. “ರಕ್ಷಿತಾ, ನೀನೇ ಸಾಕ್ಷಿ ನೋಡಮ್ಮಾ.”

ಅವನು ಮೇಲೆ ಹೋದ ಮೇಲೆ ರಕ್ಷಿತಾ ಮೆಲ್ಲಗೆ, “ದೊಡ್ಡವ್ವಾ, ಹಟ ಬೇಕಾ? ಚೆನ್ನಾಗಿರೋ ನಾಕೈದು ಹಾಡು ಆರಿಸಿ ಹಾಕಿಬಿಡಿ. ನಾಲ್ಕನೇದಂತೂ ಬೇಡ್ವೇ ಬೇಡ. ಗಂಡಿನ ಕಡೆಯವರು ಹೊನ್ನಾಳಿ ಕಡೆಯೋರು, ಕೋಪಿಷ್ಠರಂತೆ,” ಎಂದಳು.

“ಆರಿಸೋದು ಬದನೆಕಾಯಿನ. ಇದು ನಾಲ್ಕೂ ಸೇರಿ ಒಂದು ಕಣೇ. ಊಟ ಚಂದ ಐತಿ ಅಂತ ಊಟ ಅಷ್ಟೇ ಇಟ್ಕೊಂಡು, ಹೆಣ್ಣು ಒಪ್ಪಿಸೋದು ಬ್ಯಾಡ ಅಂತ ಬಿಟ್ರೆ ಅದು ಮದುವೆ ಆಗ್ತದಾ?”

ಆಮೇಲೆ ಮುಳ್ಳಿನ ತುದಿಗೆ ಅಂಟಿದ್ದ ಧೂಳನ್ನು ಊದುತ್ತ, ರಕ್ಷಿತಾ ಕೇಳದಿದ್ದರೂ, ಹಳೆಯದೊಂದನ್ನು ಹೇಳಿದಳು.

ವೀರಬಸಪ್ಪ ತೀರಿಕೊಂಡಾಗ ಯತೀಶ ಇನ್ನೂ ಒಂದನೇ ಕ್ಲಾಸು. ಮೊದಲೇ ಒಪ್ಪಿಕೊಂಡಿದ್ದ ಮದುವೆಯೊಂದಿತ್ತು. ಆ ಮನೆಯವರು, “ಗಂಡಸರು ಯಾರನ್ನಾದ್ರೂ ಕಳಿಸಮ್ಮಾ,” ಎಂದು ಹೇಳಿ ಕಳಿಸಿದರು. ಯಾರನ್ನು ಕಳಿಸುವುದು? ತಾನೇ ಹೋದಳು. ಹಾರ್ನು ಹೆಗಲ ಮೇಲೆ, ಮಿಷಿನ್ನು ಎತ್ತಿನ ಗಾಡಿಯಲ್ಲಿ. ಚಪ್ಪರದ ಬಾಗಿಲಲ್ಲೇ ಅಡ್ಡ ನಿಂತರು. ಗಂಡ ಸತ್ತು ವರ್ಷ ತುಂಬದ ಹೆಂಗಸು ಮದುವೆ ಚಪ್ಪರದೊಳಗೆ ಬರುವುದೇ? ಕೊನೆಗೆ ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲಲ್ಲಿ, ಅಡುಗೆ ಒಲೆಯ ಪಕ್ಕ ಕೂರಲು ಜಾಗ ತೋರಿಸಿದರು.

“ಆಯ್ತು ಕಣ್ರೀ, ನನ್ನ ಮುಖ ನೋಡಬ್ಯಾಡ್ರಿ ಅಂದೆ. ಇದ್ದಬದ್ದ ವೈರೆಲ್ಲ ಎಳೆದು, ಚಪ್ಪರದ ಮುಂದಿನ ಹುಣಸೆಮರದ ನೆತ್ತಿಗೆ ನಾನೇ ಹತ್ತಿ ಹಾರ್ನು ಕಟ್ಟಿದೆ. ಕಣ್ಣು ಆಚೆ ತಿರುಗಿಸಬಹುದು. ಕಿವಿ ಎಲ್ಲಿಗೆ ತಿರುಗಿಸ್ತಾರೆ? ಹೆಣ್ಣು ಒಪ್ಪಿಸೋ ಹೊತ್ತಿಗೆ ನಾಲ್ಕನೇದು ಹಾಕಿದೆ. ಅವತ್ತೇ ಮೊದಲು.”

“ಬೈಲಿಲ್ವಾ?”

“ಬೈದ್ರು. ನನಗೆಲ್ಲಿ ಕೇಳಿಸ್ತದೆ ಆ ಸದ್ದಿನಾಗೆ?” ಎಂದು ಲೋಕಮ್ಮ ನಕ್ಕಳು.

ಅಲ್ಲಿಂದ ಮುಂದೆ ಅದೇ ಕ್ರಮ. ಶಿಕಾರಿಪುರ, ಸೊರಬದ ಎಷ್ಟೋ ಮದುವೆಗಳಲ್ಲಿ ಬೆಳಗಿನ ಶಿವಸ್ತುತಿ ಮುಗಿದ ಮೇಲೆ ಅರಿಶಿನದ ಹೊತ್ತಿಗೆ ಒಂದನೆಯ ಮಗ್ಗುಲು, ಹೆಣ್ಣಿಗೆ ಸಿಂಗಾರ ಮಾಡುವಾಗ ಎರಡನೆಯದು, ಅಕ್ಷತೆಗೆ ಮೈಕು ಬಂದ್ ಮಾಡಿ ವಾಲಗ, ಊಟಕ್ಕೆ ಮೂರನೆಯದು, ಹೆಣ್ಣು ಒಪ್ಪಿಸುವಾಗ ನಾಲ್ಕನೆಯದು. ನಡುನಡುವೆ ಸಿನಿಮಾ ಹಾಡು. ಪ್ಲೇಟು ಮಗುಚುವ ಸಂದಿನಲ್ಲಿ ಉಡುಗೊರೆ ಕೊಟ್ಟವರ ಹೆಸರು ಕೂಗುವುದು. ಜನ ಬೈದರು, ನಕ್ಕರು, ರೂಢಿ ಮಾಡಿಕೊಂಡರು. ಡಿಜೆ ಬಂದ ಮೇಲೆ ಕರೆಯುವುದನ್ನೇ ಬಿಟ್ಟರು.

ಮದುವೆಯ ದಿನ ಯತೀಶನ ಪಿಕಪ್ಪು ಶಿರಾಳಕೊಪ್ಪ ದಾಟುವಾಗ ಇನ್ನೂ ಮಂಜು ಹರಿದಿರಲಿಲ್ಲ. ಹಿಂದೆ ಟಾರ್ಪಾಲಿನ ಕೆಳಗೆ ಡಿಜೆ ಬಾಕ್ಸುಗಳು, ಅವುಗಳ ಮೇಲೆ ಹಾರ್ನುಗಳು. ಮುಂದಿನ ಸೀಟಿನಲ್ಲಿ ಲೋಕಮ್ಮ ಪಂಚೆ ಸುತ್ತಿದ ಜೋಡಿ ಪ್ಲೇಟನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ರಕ್ಷಿತಾ, ಅವಳ ತೊಡೆಯ ಮೇಲೆ ಮಾನ್ಯಾ.

“ಅಜ್ಜಿ, ಪಾಪುಗೆ ಚಳಿ ಆಗುತ್ತಾ?” ಎಂದಳು ಮಾನ್ಯಾ, ಪಂಚೆಯನ್ನು ಮುಟ್ಟಿ.

“ಚಳಿ ಅಲ್ಲ, ಸೆಕೆ ಆಗ್ಬಾರ್ದು ಈ ಪಾಪುಗೆ. ಬಿಸಿಲಿಗಿಟ್ರೆ ಸೊಟ್ಟಗಾಗ್ತದೆ.”

ಕುಬಟೂರಿನಲ್ಲಿ ಧರ್ಮಪ್ಪನ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಲೋಕಮ್ಮ ಹಿತ್ತಲ ಕಡೆ ತಿರುಗಿಯೂ ನೋಡಲಿಲ್ಲ. ಮಂಟಪಕ್ಕೆ ಎದುರಾಗಿ, ಹಾದುಹೋಗುವವರೆಲ್ಲ ಬಳಸಿಕೊಂಡು ಹೋಗಬೇಕಾದ ಜಾಗದಲ್ಲಿ ಟೇಬಲ್ ಹಾಕಿಸಿ, ಅಂಗಳದ ಮರಕ್ಕೆ ಹಾರ್ನು ಕಟ್ಟಿಸಿ ಕೂತಳು. ಅರಿಶಿನ ಹಚ್ಚುವಾಗ ಒಂದನೆಯ ಮಗ್ಗುಲು ಶುರುವಾಯಿತು. ಕೈಯಲ್ಲಿ ಒನಕೆ ಹಿಡಿದಿದ್ದ ಮುದುಕಿಯರು ಒಂದು ಕ್ಷಣ ಬೆಚ್ಚಿದರು. ಮಕ್ಕಳು ಕುಣಿಯತೊಡಗಿದವು. ಅಡುಗೆಯವನೊಬ್ಬ ಆ ಡ್ರಮ್ಮಿನ ಪೆಟ್ಟಿಗೇ ಎಲೆಕೋಸು ಹೆಚ್ಚುತ್ತಿದ್ದುದನ್ನು ರಕ್ಷಿತಾ ಕಣ್ಣಾರೆ ಕಂಡಳು. ಧರ್ಮಪ್ಪ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ, ಒಮ್ಮೆ ನಿಂತು, ತಲೆ ಅಲ್ಲಾಡಿಸಿ, ಮತ್ತೆ ಓಡಿದ. ಅದು ಹೂಂ ಎಂದೋ ಉಹುಂ ಎಂದೋ ಯಾರಿಗೂ ತಿಳಿಯಲಿಲ್ಲ.

ಎರಡನೆಯ ಮಗ್ಗುಲು ಮೆಲ್ಲಗೆ ನಡೆಯುತ್ತಿರುವಾಗ ಯತೀಶ ಟೇಬಲ್ ಬಳಿಗೆ ಬಂದ. ಹಾಡು ಕೇಳಿ ಅದರ ಜಾತಕ ಹೇಳುವ ಆ್ಯಪೊಂದು ಅವನ ಫೋನಿನಲ್ಲಿತ್ತು. ಫೋನನ್ನು ಹಾರ್ನಿನ ಕಡೆ ಎತ್ತಿ ಹಿಡಿದು ನಿಂತವನು ಇದ್ದಕ್ಕಿದ್ದಂತೆ ಕೇಕೆ ಹಾಕಿದ.

“ಸಿಕ್ತು! ತಂಡ, ಹೆಸ್ರು, ಎಲ್ಲ ಸಿಕ್ತು. ಅಯ್ಯೋ ಅವ್ವಾ, ಇಷ್ಟು ವರ್ಷ ನೀನು ಹಾಕಿದ್ದೆಲ್ಲ ತಪ್ಪು!”

“ಏನು ತಪ್ಪು?”

“ಇದು ಎರಡನೇ ಮಗ್ಗುಲಲ್ಲ, ನಾಲ್ಕನೇದು! ಕೊನೇದು! ನೀನು ಮೂರು ಅಂತೀಯಲ್ಲ, ಅದೇ ಎರಡು. ಆ ಕಿರುಚಾಟ ಮೂರು.” ಅವನು ಫೋನಿನಲ್ಲಿ ಇನ್ನಷ್ಟು ಓದಿದ. “ಆಗ ಒಂದರ ಮೇಲೊಂದು ಪ್ಲೇಟು ತಾನೇ ಬೀಳೋ ಮಿಷಿನ್ನು ಇರ್ತಿತ್ತಂತೆ. ಅದಕ್ಕೆ ಹೊಂದಲಿ ಅಂತ ಒಂದು ಪ್ಲೇಟಿನಾಗೆ ಒಂದು-ನಾಲ್ಕು, ಇನ್ನೊಂದರಾಗೆ ಎರಡು-ಮೂರು ಹಾಕ್ತಿದ್ರಂತೆ. ಅಪ್ಪ ಹಿಂದೆಮುಂದೆ ನೋಡದೆ ಚೀಟಿ ಅಂಟಿಸಿಬಿಟ್ಟಾನೆ!”

ಸುತ್ತ ನಿಂತಿದ್ದವರು ನಕ್ಕರು. ರಕ್ಷಿತಾ ನಗಲಿಲ್ಲ. ಲೋಕಮ್ಮ ಟೇಬಲ್ಲಿನ ಮೇಲಿದ್ದ ಬಲಗೈಯನ್ನು ಎಡಗೈಯ ಕೆಳಗೆ ಅಡಗಿಸಿಕೊಂಡದ್ದು ಅವಳಿಗೆ ಕಂಡಿತು.

“ನಿಮ್ಮಪ್ಪ ಅಂಟಿಸಿದ್ದು ತಪ್ಪಲ್ಲ,” ಎಂದಳು ಲೋಕಮ್ಮ, ಎಲ್ಲರಿಗೂ ಕೇಳುವಂತೆ. “ಆ ದೇಶದಾಗೆ ಆ ಕ್ರಮ. ಶಿಕಾರಿಪುರದಾಗೆ ಈ ಕ್ರಮ. ಅವರು ಬಂದು ನಮ್ಮ ಹೆಣ್ಣನ್ನ ಒಪ್ಪಿಸಿದ್ರಾ? ಸರಿ ಆಚೆ, ಬೆಳಕಿಗೆ ಅಡ್ಡ ನಿಲ್ಲಬ್ಯಾಡ.”

“ಸೋತ್ರೂ ಜಂಬ ನೋಡು,” ಎಂದ ಯತೀಶ.

“ಇನ್ನೂ ಎರಡು ಮಗ್ಗುಲು ಬಾಕಿ ಐತಿ. ಯಾರು ಸೋತ್ರು?”

ಅಕ್ಷತೆ ಬಿತ್ತು. ಊಟದ ಪಂಕ್ತಿಯಲ್ಲಿ ಮೂರನೆಯ ಮಗ್ಗುಲಿನ ಕಹಳೆ, ಕುದುರೆಗಳು ಓಡಿದವು. ಹೋಳಿಗೆ ಬಡಿಸುವವರ ಕೈ ಚುರುಕಾಯಿತು. ಆ ವಿದೇಶದ ಹೆಂಗಸು ನಕ್ಕಾಗಲೆಲ್ಲ ಮಕ್ಕಳ ಪಂಕ್ತಿಯೂ ನಕ್ಕಿತು. ಒಬ್ಬರ ಮುಖ ಮಾತ್ರ ಗಂಟಿಕ್ಕಿತ್ತು. ಗಂಡಿನ ದೊಡ್ಡಪ್ಪ ಉಚ್ಚಂಗಪ್ಪನವರದು. ಜರಿ ರುಮಾಲು, ಕೈಯಲ್ಲಿ ಬೆಳ್ಳಿಕಟ್ಟಿನ ಕೋಲು. “ಇದೇನ್ರೀ ಧರ್ಮಪ್ಪನೋರೆ, ಮದುವೆಗೆ ಕರೆದ್ರಾ, ಸರ್ಕಸ್ಸಿಗೆ ಕರೆದ್ರಾ?” ಎಂದು ಎಲೆಯ ಮುಂದೆಯೇ ಅಂದರು. ಧರ್ಮಪ್ಪ ಹಲ್ಲುಕಿರಿದು ಇನ್ನೊಂದು ಹೋಳಿಗೆ ಹಾಕಿಸಿದ.

ಊಟವಾದ ಮೇಲೆ ಉಚ್ಚಂಗಪ್ಪನವರು ಲೋಕಮ್ಮನ ಟೇಬಲ್ಲಿಗೆ ಬಂದು ಬಗ್ಗಿ ಹೇಳಿದ್ದು ಮಾತ್ರ ಬೇರೆ ವಿಚಾರ. “ನಮ್ಮದು ತಾಮ್ರದ ಹಂಡೆ. ಮದುಮಕ್ಕಳಿಗೆ. ಎಲ್ಲರದ್ದೂ ಕೂಗಿ ಆದ ಮೇಲೆ ಕಟ್ಟಕಡೆಗೆ ಕೂಗಬೇಕು. ಹೆಸರಿನ ಹಿಂದೆ ‘ಮಾಜಿ ಅಧ್ಯಕ್ಷರು’ ಅಂತ ಸೇರಿಸ್ಬೇಕು. ಕೊನೇಗೆ ಕೂಗಿದ್ದು ಜನರ ಕಿವೀಲಿ ಉಳೀತದೆ.”

“ಆಗ್ಲಿ ಯಜಮಾನ್ರೆ. ಕೊನೇ ಮಗ್ಗುಲು ಮುಗಿದ ಕೂಡಲೇ ನಿಮ್ಮದೇ.”

ಹೆಣ್ಣು ಒಪ್ಪಿಸುವ ಹೊತ್ತಾಯಿತು. ಮದುಮಗಳನ್ನು ಬಾಗಿಲ ಬಳಿ ತಂದು ನಿಲ್ಲಿಸಿದರು. ಲೋಕಮ್ಮ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದಳು. ಮುಳ್ಳು ಒಮ್ಮೆ ಅಂಚಿಗೆ ತಾಗಿ ಜಾರಿತು. ಎರಡನೆಯ ಸಲ ಕೂತಿತು. ಕುಬಟೂರಿನ ಮೇಲೆ ಆ ಗಂಡಸಿನ ಕೂಗು ಎದ್ದಿತು. ಅದರ ಬೆನ್ನಿಗೇ ಗಿಟಾರಿನ ಗರಗಸ. ಕೊಟ್ಟಿಗೆಯಲ್ಲಿ ಎಮ್ಮೆ ಕಣ್ಣಿ ಜಗ್ಗಿತು. ಮಾನ್ಯಾ ಕಿವಿ ಮುಚ್ಚಿಕೊಂಡು ಬಾಯಗಲಿಸಿ ನಗುತ್ತಿದ್ದಳು.

ಉಚ್ಚಂಗಪ್ಪನವರು ಕೋಲೂರುತ್ತ ಬಂದೇಬಿಟ್ಟರು, ಹಿಂದೆ ಧರ್ಮಪ್ಪನನ್ನು ಎಳೆದುಕೊಂಡು. ಯತೀಶ ಪಿಕಪ್ಪಿಗೆ ಒರಗಿ ನಿಂತವನು ನೆಟ್ಟಗಾದ.

“ನಿಲ್ಲಿಸ್ರೀ ಇದನ್ನ! ಹೆಣ್ಣು ಒಪ್ಪಿಸೋ ಹೊತ್ತು ಇದು. ಹೆಣ ಹೊರೋರೂ ಹಿಂಗೆ ಕೂಗಲ್ಲ!”

“ಏನಂದ್ರಿ?” ಎಂದಳು ಲೋಕಮ್ಮ ಕಿವಿಗೆ ಕೈಯಿಟ್ಟು. ಅವರು ಮತ್ತೆ ಕೂಗಿದರು. “ಓ, ನಿಲ್ಲಿಸ್ಬೇಕಾ? ಮಿಷಿನ್ನು ಒಂದೇ ಯಜಮಾನ್ರೆ. ಹಾಡು ನಿಂತ್ರೆ ಎಲ್ಲ ಬಿಚ್ಚಿ ಹೊರಡ್ತೀನಿ, ಮೈಕೂ ನಿಲ್ತದೆ. ನಿಮ್ಮ ಹಂಡೆ ಯಾರು ಕೂಗ್ತಾರೆ?”

“ಈ ಹುಡುಗನ ಡಿಜೆ ಐತಲ್ಲ!”

“ಇಳಿಸಿ, ಜೋಡಿಸಿ, ವೈರು ಎಳೆಯೋ ಹೊತ್ತಿಗೆ ರಾಹುಕಾಲ ಬಂತು. ನೀವು ಅಷ್ಟೊತ್ತಿಗೆ ಹೊನ್ನಾಳಿ ದಾರೀಲಿರ್ತೀರಿ. ಹಂಡೆ ಸುಮ್ಮನೆ ಮೂಕಾಗಿ ಹೋಗ್ತದೆ.”

ಉಚ್ಚಂಗಪ್ಪನವರು ಕೋಲನ್ನು ಧರ್ಮಪ್ಪನ ಕಡೆ ತಿರುಗಿಸಿದರು. “ನೀವಾದ್ರೂ ಹೇಳ್ರೀ!”

ಧರ್ಮಪ್ಪ ಕೈಮುಗಿದುಕೊಂಡು ನಿಂತಿದ್ದ. “ಲೋಕಮ್ಮಾರೆ, ಬೀಗರು ಹೇಳ್ತಿದಾರೆ...”

“ಬೀಗರು ಹೇಳ್ತಾರೆ, ಕೇಳಿಸ್ತು. ನೀನೇನು ಹೇಳ್ತಿ ಧರ್ಮಪ್ಪ?” ಲೋಕಮ್ಮ ಎದ್ದು ನಿಂತಿದ್ದಳು. ಕೈ ಎರಡೂ ಬೆನ್ನ ಹಿಂದೆ. “ನಿಲ್ಸು ಅಂತ ನಿನ್ನ ಬಾಯಿಂದ ಅನ್ನು. ಈಗಲೇ ಮುಳ್ಳೆತ್ತಿ ಗಂಟು ಕಟ್ತೀನಿ. ನನ್ನ ಮಗ ಅದನ್ನೇ ಕಾಯ್ತಾ ನಿಂತಾನೆ.”

ರಕ್ಷಿತಾ ಧರ್ಮಪ್ಪನ ಮುಖ ನೋಡಿದಳು. ಮಾವ ಬೀಗರ ಮಾತು ಮೀರುವ ಗಂಡಸಲ್ಲ. ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಅತ್ತೆ, ಮದುಮಗಳ ತಾಯಿ, ಬೆಳಗ್ಗೆಯಿಂದ ನಗುನಗುತ್ತ ಕುಂಕುಮ ಹಂಚಿದ ಹೆಂಗಸು, ಮಗಳ ಹೆಗಲಿಗೆ ಮುಖ ಒತ್ತಿ ಬಾಯಿಬಿಟ್ಟು ಅಳುತ್ತಿದ್ದಳು. ಹೊಟ್ಟೆಯೊಳಗಿಂದ ಬರುವ ಗೋಳು. ಎದೆ ಏರಿಳಿಯುತ್ತಿತ್ತು, ಬಾಯಿ ಪೂರ್ತಿ ತೆರೆದಿತ್ತು, ಆದರೆ ಒಂದು ದನಿಯೂ ಹೊರಗೆ ಬರುತ್ತಿರಲಿಲ್ಲ. ಹಾರ್ನು ಅದೆಲ್ಲವನ್ನೂ ನುಂಗಿಕೊಳ್ಳುತ್ತಿತ್ತು. ಗಂಡಿನ ಕಡೆಯವರಲ್ಲಿ ಯಾರೂ ತಿರುಗಿ ನೋಡಲಿಲ್ಲ, “ಶುಭಕಾಲದಲ್ಲಿ ಯಾಕಮ್ಮಾ ಅಳ್ತೀಯ” ಎಂದು ಗದರಲಿಲ್ಲ.

ಆಗ ರಕ್ಷಿತಾಳಿಗೆ ತನ್ನದೇ ಮದುವೆ ನೆನಪಾಯಿತು. ಕುಪ್ಪಗಡ್ಡೆ. ಇದೇ ಕಿರುಚಾಟ. ಅವ್ವನ ಸೆರಗಿಗೆ ಮುಖ ಹುದುಗಿಸಿ ಎಷ್ಟು ಕೂಗಿ ಅತ್ತಿದ್ದಳು, ಏನೇನು ಅಂದಿದ್ದಳು! ‘ನಾ ಹೋಗಲ್ಲ’ ಎಂದೂ ಅಂದಿದ್ದಳು. ಅವ್ವನ ಹೊರತು ಯಾರ ಕಿವಿಗೂ ಬಿದ್ದಿರಲಿಲ್ಲ. ಆಗ ಆ ದರಿದ್ರ ಹಾಡಿಗೆ ಮನಸಾರೆ ಶಾಪ ಹಾಕಿದ್ದಳು.

ಧರ್ಮಪ್ಪನೂ ಅದೇ ಬಾಗಿಲ ಕಡೆ ನೋಡುತ್ತಿದ್ದ. ಬೀಗರ ಕಡೆ ತಿರುಗಿ ಕೈಮುಗಿದ. ಹಾಗೆಯೇ ಲೋಕಮ್ಮನ ಕಡೆ ತಿರುಗಿದ.

“ಮುಗ್ಸವ್ವಾ,” ಎಂದ. “ಪೂರ್ತಿ ಮುಗ್ಸು.”

ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತ ಅವನು ಬಾಗಿಲ ಕಡೆ ನಡೆದ. ಉಚ್ಚಂಗಪ್ಪನವರು ಟೇಬಲ್ಲಿನ ಪಕ್ಕದ ಕುರ್ಚಿಯಲ್ಲಿ ಕೂತು, ಕೋಲಿನ ಮೇಲೆ ಗಲ್ಲವಿಟ್ಟು, ಆ ಸಾಮಿಲ್ಲು ನಿಲ್ಲುವುದನ್ನೇ ಕಾದರು. ಮುಳ್ಳು ಒಳಗಿನ ಸುತ್ತಿಗೆ ಬಂದು ಚರಚರ ಎಂದ ಕೂಡಲೇ ಲೋಕಮ್ಮ ಮೈಕು ಎತ್ತಿಕೊಂಡಳು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಶ್ರೀಮಾನ್ ಎಂದು ಶುರುಮಾಡಿ, ಮಾಜಿ ಅಧ್ಯಕ್ಷರು ಎಂದು ಎಳೆದು, ತಾಮ್ರದ ಹಂಡೆಯನ್ನು ಎರಡೆರಡು ಸಲ ಕೂಗಿದಳು. ಉಚ್ಚಂಗಪ್ಪನವರು ರುಮಾಲು ಸರಿಪಡಿಸಿಕೊಂಡರು.

“ಕೂಗೋದು ಚಲೋ ಕೂಗ್ತಿ ತಾಯಿ,” ಎಂದರು ಏಳುತ್ತ. “ಆ ಹಾಡು ಮಾತ್ರ ಬಾವಿಗೆ ಹಾಕು.”

ಯತೀಶ ಮರದಿಂದ ಹಾರ್ನು ಇಳಿಸಿದ. ವೈರನ್ನು ಮೊಣಕೈಗೆ ಸುತ್ತುತ್ತ, ತಾಯಿಯ ಮುಖ ನೋಡದೆ, “ಬಲಗಡೆಗೆ ಒಂದು ಕಪಾಟು ಮಾಡಿಸ್ತೀನಿ. ಹಾರ್ನಿಗೆ ತುಕ್ಕು ಹಿಡೀತೈತೆ ಹಂಗೇ ಇಟ್ರೆ,” ಎಂದ.

“ಕಬ್ಬಿಣದ್ದು ಬ್ಯಾಡ. ಮರದ್ದು ಮಾಡ್ಸು,” ಎಂದಳು ಲೋಕಮ್ಮ.

ಅವನು ಗಂಡಿನವರ ದಿಬ್ಬಣದ ಹಿಂದೆ ಡಿಜೆ ತೆಗೆದುಕೊಂಡು ಹೋದ. ಹೆಂಗಸರು ಬಸ್ಸಿಗೆ ಕಾಯಬೇಕಾಯಿತು. ಹಾರ್ನು, ಮಿಷಿನ್ನು ಧರ್ಮಪ್ಪನ ಪಡಸಾಲೆಯಲ್ಲಿ ಮರುದಿನದವರೆಗೆ ಉಳಿದವು. ಜೋಡಿ ಪ್ಲೇಟು ಮಾತ್ರ ಲೋಕಮ್ಮನ ತೊಡೆಯ ಮೇಲಿತ್ತು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಮಾನ್ಯಾ ಅವಳಿಗೇ ಒರಗಿ ನಿದ್ದೆ ಹೋಗಿದ್ದಳು. ರಕ್ಷಿತಾ ಮಗಳ ಕಾಲಿನ ಧೂಳು ಒರೆಸಿ, ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ದೊಡ್ಡವ್ವನಿಗೆ ಏನಾದರೂ ಹೇಳಬೇಕೆನಿಸಿತು. ಉಳಿದಿದ್ದ ಹೋಳಿಗೆಯ ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು.

ಲೋಕಮ್ಮ ಅರ್ಧ ಮುರಿದುಕೊಂಡಳು. ತಿನ್ನಲಿಲ್ಲ.

“ಆ ಫೋನಿನಾಗೆ ಬರೆದಿರೋದು ನಿಜವೇ ಇರ್ತದೇನೇ?”

“ಇರಬಹುದು ದೊಡ್ಡವ್ವಾ.”

“ಅಂದ್ರೆ ಅವರು ಕಿರುಚಾಟ ಮುಗಿಸಿ, ಆಮೇಲೆ ಆ ಮುದುಕನ್ನ ಹಾಡೋಕೆ ಬಿಡ್ತಾರೆ.” ಅವಳು ಪಂಚೆಯ ಮೇಲೆ ಬೆರಳಾಡಿಸಿದಳು. “ನಾನು ಕಿರುಚಾಟ ಮುಗಿದ ಕೂಡಲೇ ವೈರು ಸುತ್ತಿ ಎದ್ದುಬಿಡ್ತಿದ್ದೆ. ಅದರ ಮುಂದೆ ಏನಾದ್ರೂ ಐತಿ ಅಂತ ನನಗೆ ಗೊತ್ತೇ ಇರಲಿಲ್ಲ.”

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಲೋಕಮ್ಮ ಆ ಕಡೆ ಈ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಂಡಾರೆಂಬ ಹಾಗೆ. ಆಮೇಲೆ ರಕ್ಷಿತಾಳ ಕಡೆ ಬಗ್ಗಿದಳು.

“ಗುರುವಾರ ಯತೀಶ ದಾವಣಗೆರೆಗೆ ಹೋಗ್ತಾನೆ. ಮಗೂನ ಸ್ಕೂಲಿಗೆ ಕಳಿಸಿ ನೀನು ಬಾ. ಷಟರ್ ಎಳ್ಕೊಂಡು, ಸಣ್ಣ ಬಾಕ್ಸಿಗೆ ಹಚ್ಚಿ, ಅವರ ಕ್ರಮದಾಗೆ ಒಂದೇ ಒಂದ್ಸಲ ಕೇಳೋಣ. ಈ ಪ್ಲೇಟು ತೆಗಿ, ಆ ಪ್ಲೇಟು ಹಾಕು, ಮತ್ತೆ ಇದು ಹಾಕು, ಅಷ್ಟೆಲ್ಲ ನನ್ನ ಕೈಯಾಗೆ ಆಗಲ್ಲ. ಮುಳ್ಳು ನೀನು ಇಳಿಸ್ಕೊಡು. ಯಾರಿಗೂ ಹೇಳಬ್ಯಾಡ, ಯತೀಶನಿಗಂತೂ ಮೊದಲೇ ಬ್ಯಾಡ.”